ಬರಿ ಹಣೆ

ಗೋವೆಯ ದಾಬೋಲಿಮ್ ವಿಮಾನ ನಿಲ್ದಾಣ ದಾಟಿದ ಮೇಲೆ ರಸ್ತೆಗೆ ಒಂದು ತಿರುವು ಇದೆ. ಅಲ್ಲಿ ಬಸ್ಸು ಒಂದು ಮಗ್ಗುಲಿಗೆ ವಾಲುತ್ತದೆ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಕಂಡಕ್ಟರ್ ಕೊಂಕಣಿಯ ಒಂದು ಬೈಗುಳವನ್ನು ಅರ್ಧಕ್ಕೆ ನುಂಗುತ್ತಾನೆ, ಯಾರೂ ಯಾರ ಮುಖವನ್ನೂ ನೋಡದ ಒಂದು ಗಳಿಗೆ ಸಿಗುತ್ತದೆ. ದ್ರಾಕ್ಷಾಯಿಣಿ ಹಣೆ ಒರೆಸಿಕೊಳ್ಳುವುದು ಆ ಗಳಿಗೆಯಲ್ಲಿ. ಕರವಸ್ತ್ರವನ್ನು ಮೊದಲೇ ಮುಷ್ಟಿಯೊಳಗೆ ಮುದುಡಿ ಹಿಡಿದಿರುತ್ತಾಳೆ. ಬೆವರು ಒರೆಸುವವಳ ಹಾಗೆ ಮೊದಲು ಕುತ್ತಿಗೆ, ಆಮೇಲೆ ಗಲ್ಲ, ಆಮೇಲೆ ಏನೋ ಮರೆತದ್ದು ನೆನಪಾದವಳ ಹಾಗೆ ಹಣೆ. ವಿಭೂತಿ ಹೇಳಿದ ಮಾತು ಕೇಳುತ್ತದೆ, ಕುಂಕುಮ ಕೇಳುವುದಿಲ್ಲ, ಅದಕ್ಕೆ ಎರಡು ಸಲ ತಿಕ್ಕಬೇಕು. ತಾಳಿಯನ್ನು ರವಿಕೆಯೊಳಗೆ ಸೇರಿಸುವುದು ಬಸ್ಸು ಹತ್ತುವ ಮೊದಲೇ ಆಗಿರುತ್ತದೆ. ಹಸಿರು ಬಳೆಗಳನ್ನು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಸಣ್ಣ ಮಕ್ಕಳು ಬಂದ ಮೇಲೆ ಗಾಜು ಚುಚ್ಚೀತು, ಈಗಿನಿಂದಲೇ ರೂಢಿಯಾಗಲಿ ಎಂದು ಗಂಡನಿಗೆ ಹೇಳಿದ್ದಾಳೆ, ಅವನು ನಂಬಿದ್ದಾನೆ. ಅವನು ಎಲ್ಲವನ್ನೂ ನಂಬುತ್ತಾನೆ, ಅವಳಿಗೆ ಅವನ ಮೇಲಿರುವ ಸಿಟ್ಟೂ ಅದೇ. ಹೀಗೆ ವಾಸ್ಕೋದಲ್ಲಿ ಬಸ್ಸು ಹತ್ತುವವಳು ಬಟ್ಟೆ ಅಂಗಡಿ ಸಂಗಣ್ಣನ ಹೆಂಡತಿ, ಝುವಾರಿನಗರದಲ್ಲಿ ಇಳಿಯುವವಳು ಗಂಡ ಸತ್ತ ಟೀಚರು. ನಡುವೆ ಬಸ್ಸಿನಲ್ಲಿ ಕುಳಿತಿರುವವಳು ಯಾರು ಎಂದು ಅವಳು ಒಂದೆರಡು ಸಲ ಯೋಚಿಸಿ, ತಲೆ ಕೆಟ್ಟಂತಾಗಿ, ಕಿಟಕಿಯ ಹೊರಗೆ ನೋಡಿದ್ದಾಳೆ.

ಅಳಿಸಿಕೊಂಡು ಬಾ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಇದನ್ನು ಅವಳು ಮತ್ತೆ ಮತ್ತೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಒಮ್ಮೆ ಸಮಾಧಾನಕ್ಕೆ, ಒಮ್ಮೆ ಬೈದುಕೊಳ್ಳಲಿಕ್ಕೆ. ಕ್ಯಾಥೊಲಿಕ್ ಸಿಸ್ಟರುಗಳು ಝುವಾರಿನಗರದ ಹತ್ತಿರ ಹೊಸ ಶಾಲೆ ತೆರೆಯುತ್ತಾರಂತೆ, ಕೂಲಿಯವರ ಮಕ್ಕಳ ಜೊತೆ ಕನ್ನಡ ಮಾತಾಡಬಲ್ಲ ಟೀಚರು ಬೇಕಂತೆ ಎಂದು ಸುದ್ದಿ ತಂದವಳು ಪಕ್ಕದ ಮನೆಯ ವಿದ್ಯಾ. ಚಕ್ಕುಲಿ ಮುರಿಯುತ್ತ, ಆ ಚಕ್ಕುಲಿಯ ತುಂಡಿನಿಂದಲೇ ಇವಳ ಹಣೆಯ ಕಡೆ ತೋರಿಸಿ, "ಅವರಿಗೆ ಇವೆಲ್ಲ ಸೇರೂದಿಲ್ಲ ನೋಡ್ರಿ ಮತ್ತ" ಎಂದಿದ್ದಳು. ಅಷ್ಟೇ. ಆ ಮಾತು ಒಳಗೆ ಹೋಗಿ ಕುಳಿತುಕೊಂಡಿತು, ಯಾಕೆಂದರೆ ಅಲ್ಲಿ ಅದಕ್ಕೆ ಮೊದಲೇ ಜಾಗವಿತ್ತು. ಧಾರವಾಡದಲ್ಲಿ ಅವಳು ಕಾನ್ವೆಂಟಿಗೆ ಸೇರಿದ ಮೊದಲ ದಿನ, ದೊಡ್ಡ ಗೇಟು, ಗೇಟಿನ ಒಳಗೆ ಬಿಳಿ ಉಡುಪು, ಸೋಪಿನ ವಾಸನೆಯ ಒಂದು ಬಟ್ಟೆ ಹಣೆಯ ಮೇಲೆ ಎಡದಿಂದ ಬಲಕ್ಕೆ ಹರಿದು ವಿಭೂತಿ ಒರೆಸಿದ್ದು. ಸಿಸ್ಟರ್ ಒರೆಸಿದ್ದರು. ಅವಳಿಗೆ ಸ್ಪಷ್ಟವಾಗಿ ನೆನಪಿದೆ, ಇಷ್ಟು ವರ್ಷವೂ ನೆನಪಿತ್ತು. ಮಗಳು ಕಾಂಚನಾಳ ಮುಂದೆ ಹೇಳಿದ್ದಾಳೆ, ಅಂಗಡಿಗೆ ಬರುವ ಬೀಗರ ಮುಂದೆ ಹೇಳಿದ್ದಾಳೆ. ಹಾಗಾಗಿ ಸಂದರ್ಶನದ ದಿನ, ಇವರು ಒರೆಸುವುದಕ್ಕಿಂತ ತಾನೇ ಒರೆಸಿಕೊಳ್ಳುವುದು ಮರ್ಯಾದೆ ಎಂದುಕೊಂಡು, ಹಣೆ ತೊಳೆದು, ಬಳೆ ಕಳಚಿ, ತಾಳಿ ಒಳಗೆ ಬಿಟ್ಟು, ಸಾದಾ ಸೀರೆ ಉಟ್ಟು ಹೋಗಿ ಕುಳಿತಳು. ಬಿ.ಎಡ್. ಮಾಡಿದ್ದು ಮದುವೆಗಿಂತ ಮೊದಲು, ಅದಾದ ಮೇಲೆ ಅವಳು ಕಲಿಸಿದ್ದೆಂದರೆ ಅಂಗಡಿಯ ಹುಡುಗಿಯರಿಗೆ ಗಜ ಅಳೆಯುವುದನ್ನು. ಈ ಕೆಲಸ ಸಿಗದಿದ್ದರೆ ಇನ್ನು ಯಾವುದೂ ಸಿಗುವುದಿಲ್ಲ ಎಂದು ಅವಳ ಹೊಟ್ಟೆಯೊಳಗೆ ಯಾರೋ ಹೇಳುತ್ತಿದ್ದರು.

ಸಿಸ್ಟರ್ ಯುಫೆಮಿಯಾ ಗೋವೆಯವರೇ ಆದರೂ ಹಳಿಯಾಳದ ಕಡೆ ಬಹಳ ವರ್ಷ ಇದ್ದವರು. ಅವಳ ಹಣೆ ನೋಡಿದರು, ಮೊಣಕೈವರೆಗೆ ಬರಿದಾದ ಕೈ ನೋಡಿದರು, ಕೇಳಬೇಕಾದ ಪ್ರಶ್ನೆಯನ್ನು ಬಿಟ್ಟು ಕುರ್ಚಿಯಿಂದೆದ್ದು ಮೇಜು ಬಳಸಿ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಏನೂ ಹೇಳಬ್ಯಾಡ್ರಿ. ನಿಮ್ಮ ಕಡೆ ಹೆಣ್ಮಕ್ಕಳ ಹಣಿ ನೋಡಿದ್ರ ನಂಗ ತಿಳೀತೈತಿ. ಗಂಡನ್ನ ಕಳಕೊಂಡಾಕಿ ಹೊಸ್ತಲಾ ದಾಟಿ ಕೆಲಸಕ್ಕ ಬರೂದಂದ್ರ ಸಣ್ಣ ಮಾತಲ್ರಿ." ದ್ರಾಕ್ಷಾಯಿಣಿಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಇಲ್ಲ ಸಿಸ್ಟರ್, ಅವರು ಈಗ ಅಂಗಡಿಯಲ್ಲಿ ಕೂತು ಯಾರಿಗೋ ಲುಂಗಿ ತೋರಿಸುತ್ತಿದ್ದಾರೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಹಣೆ ಯಾಕೆ ಬರಿದು? ನಿಮಗೆ ಮೆಚ್ಚುಗೆಯಾಗಲಿ ಎಂದು ಗಂಡನ ಗುರುತನ್ನು ಅಳಿಸಿಕೊಂಡು ಬಂದೆ ಎಂದು, ಇಷ್ಟು ಬೆಚ್ಚಗೆ ಕೈ ಹಿಡಿದವರ ಮುಖ ನೋಡಿ ಹೇಗೆ ಹೇಳುವುದು? ಆ ಕೈಗಳೂ ಒಂದು ಕಾರಣ. ಕೆಲಸ ಮಾಡಿ ಒರಟಾದ, ಬೆಚ್ಚನೆಯ ಕೈಗಳು. ತಾನು ಕೇಳದೆ ತನ್ನ ಕೈಯನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಅವಳಿಗೆ ಅಳು ಬಂತು. ಖರೆ ಅಳು. ಯಾವುದಕ್ಕಾಗಿ ಎಂದು ಅವಳಿಗೇ ತಿಳಿಯಲಿಲ್ಲ, ಆದರೆ ಸಿಸ್ಟರಿಗೆ ತಿಳಿಯಿತು. ಅಳು ಸುಳ್ಳಿಗೆ ಮೊಹರು ಒತ್ತಿಬಿಟ್ಟಿತು. "ದಿನಾ ಸಂಜಿ ಜಪಸರ ಹಿಡದಾಗ ನಿಮ್ಮ ಯಜಮಾನ್ರನ್ನ ನೆನಸ್ತೇನಿ, ಅವರ ಆತ್ಮಕ್ಕ ಶಾಂತಿ ಸಿಗ್ಲಿ" ಎಂದರು ಸಿಸ್ಟರ್. ಕೆಲಸ ಸಿಕ್ಕಿತು, ಶಾಲೆ ತೆರೆಯುವ ಮೊದಲೇ ತಯಾರಿಗೆ ದಿನವೂ ಬರಬೇಕೆಂದರು.

ಇವತ್ತು ಶನಿವಾರ. ನಾಳೆ ಬೆಳಿಗ್ಗೆ ಫಾದರ್ ಬಂದು ಚರ್ಚಿನ ಬಲಿಪೂಜೆ ಮಾಡಿ, ಕೋಣೆ ಕೋಣೆಗೂ ತೀರ್ಥ ಚಿಮುಕಿಸಿ, ಶಾಲೆ ತೆರೆಯುತ್ತಾರೆ. ಗೇಟಿನ ಮೇಲಿನ ಹೆಸರಿನ ಬೋರ್ಡಿಗೆ ಹಳೆಯ ಚಾದರ ಹೊದಿಸಿದ್ದಾರೆ, ನಾಳೆಯವರೆಗೆ ಶಾಲೆಗೆ ಹೆಸರಿಲ್ಲ. ಒಳಗೆ ವಾರ್ನಿಶಿನ ವಾಸನೆ, ಸುಣ್ಣದ ವಾಸನೆ, ಹೊಸ ಬೆಂಚುಗಳ ಕಾಲಿಗೆ ಸುತ್ತಿದ ಪ್ಲಾಸ್ಟಿಕ್ಕು. ಮೊಣಕಾಲೆತ್ತರದ ಸಂಡಾಸುಗಳು, ಅವನ್ನು ನೋಡಿದಾಗಲೆಲ್ಲ ಅವಳಿಗೆ ನಗು ಬರುತ್ತದೆ. ವರಾಂಡದಲ್ಲಿ ಸಿಸ್ಟರ್ ತೋಳು ಮಡಚಿಕೊಂಡು ಉದ್ದನೆಯ ಕಟ್ಟಿಗೆಯ ಪೆಟ್ಟಿಗೆಯ ಮುಂದೆ ಕುಳಿತಿದ್ದರು, ಅದರೊಳಗೆ ಹುಲ್ಲಿನ ನಡುವೆ ಮಾತೆ ಮೇರಿಯ ಮೂರ್ತಿ. ಶಾಲೆಗೆ ಆಯಾ ಎಂದು ಸೇರಿಸಿಕೊಂಡ ಹನುಮವ್ವ ಹುಲ್ಲನ್ನು ಹಿಡಿ ಹಿಡಿಯಾಗಿ ತೆಗೆಯುತ್ತಿದ್ದಳು. ಒಂದು ನೀಲಿ ಭುಜ ಕಂಡಿತು, ಆಮೇಲೆ ಒಂದು ಕೈ. "ಸಾವಕಾಶ, ಹನುಮವ್ವ, ಬೆರಳು ಮುರದೀತು" ಎನ್ನುತ್ತಿದ್ದ ಸಿಸ್ಟರ್ ಇವಳನ್ನು ಕಂಡು, "ಬರ್ರಿ ಟೀಚರ, ಚಾ ಕುಡದ್ರಿ? ಮಾರಿ ಯಾಕ ಬಾಡೈತಿ?" ಎಂದರು. ಹೀಗೆಯೇ ಅವರು ಪ್ರತಿದಿನ ಕೇಳುವುದು. ಮುಖ ಬಾಡಿದೆಯೇ ಎಂದು ವಾಸ್ಕೋದ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಮುಖ ಅನ್ನುವುದು ಕನ್ನಡಿಗೆ ಸಂಬಂಧಿಸಿದ್ದು. ಇಲ್ಲಿ ಪೇಂಟರುಗಳು ಸಹ ಅವಳು ಬಂದರೆ ರೇಡಿಯೊ ಸಣ್ಣದು ಮಾಡುತ್ತಾರೆ. ಸತ್ತ ಗಂಡ ಅವಳಿಗೆ ಇಷ್ಟು ಮರ್ಯಾದೆ ತಂದುಕೊಟ್ಟಿದ್ದಾನೆ. ಈ ಯೋಚನೆ ಬಂದ ಕೂಡಲೇ ಅವಳು ಮನಸ್ಸಿನಲ್ಲೇ ಬಿಡ್ತು ಬಿಡ್ತು ಎಂದುಕೊಂಡು, ಎಡಗೈಯಿಂದ ರವಿಕೆಯ ಮೇಲೆ ತಾಳಿ ಇರುವ ಕಡೆ ಒತ್ತಿ ನೋಡಿಕೊಂಡಳು. ಇತ್ತು.

ಹನುಮವ್ವನನ್ನು ನೋಡಿದರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ತಳಮಳ. ಸಿಂದಗಿ ಕಡೆಯವಳು, ಗಂಡ ದಾಬೋಲಿಮ್‌ನಲ್ಲಿ ಕಟ್ಟಡದ ಕೆಲಸ ಮಾಡುವಾಗ ಮೇಲಿಂದ ಬಿದ್ದು ಸತ್ತ. ಅದನ್ನು ಅವಳು ಹೇಳಿದ್ದು ಮೊದಲನೆಯ ದಿನವೇ, ಇದೇ ವರಾಂಡದಲ್ಲಿ, ಊಟದ ಹೊತ್ತಿನಲ್ಲಿ, ಜೋಳದ ರೊಟ್ಟಿ ಮುರಿದು ಅರ್ಧವನ್ನು ಇವಳ ಡಬ್ಬಿಯ ಮುಚ್ಚಳದಲ್ಲಿ ಇಡುತ್ತ. "ಮುಂಜಾನಿ ರೊಟ್ಟಿ ಕಟ್ಟಿ ಕೊಟ್ಟಿದ್ನಿರಿ ಅಕ್ಕಾರ. ಆ ಗಂಟು ಬಿಚ್ಚಿದ್ದಿಲ್ಲ. ಹಂಗ ತಂದು ನನ್ನ ಕೈಯಾಗ ಕೊಟ್ರು." ಆಮೇಲೆ ಇವಳ ಹಣೆ ನೋಡಿ, "ನಿಮ್ಮವರು ಹೆಂಗ ಹ್ವಾದ್ರಿ?" ದ್ರಾಕ್ಷಾಯಿಣಿ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಮತ್ತೆ ಮುಚ್ಚಳದಲ್ಲಿ ಇಟ್ಟಳು. ಹನುಮವ್ವ ತಾನೇ ಅವಳ ಮೊಣಕಾಲು ತಟ್ಟಿ, "ಹೋಗ್ಲಿ ಬಿಡ್ರಿ, ಹೇಳಬ್ಯಾಡ್ರಿ. ನಂಗೂ ಮೊದಲ ಬಾಯಿಗೆ ಬರ್ತಿದ್ದಿಲ್ಲ" ಎಂದಳು. ಅಂದಿನಿಂದ ಅರ್ಧ ರೊಟ್ಟಿ ದಿನವೂ ಬರುತ್ತದೆ. ಬೇಡ ಎಂದರೆ ಹನುಮವ್ವ ಬೇಜಾರು ಮಾಡಿಕೊಳ್ಳುತ್ತಾಳೆ, ತಿಂದರೆ ಇವಳಿಗೆ ಕದ್ದು ತಿಂದ ಹಾಗೆ ಆಗುತ್ತದೆ. ಸಿಸ್ಟರಿಗೆ ಹೇಳಿದ ಸುಳ್ಳನ್ನು ಒಂದಲ್ಲ ಒಂದು ದಿನ ನಕ್ಕು ಮುಗಿಸಬಹುದೇನೋ, ಈ ರೊಟ್ಟಿಯನ್ನು ಏನು ಮಾಡುವುದು?

"ಅಕ್ಕಾರ, ಆ ಕಡೆ ಹಿಡೀರಿ" ಎಂದಳು ಹನುಮವ್ವ. ಮೂವರೂ ಸೇರಿ ಮೂರ್ತಿಯನ್ನು ಎತ್ತಿದರು. ಅದು ಅಂದುಕೊಂಡದ್ದಕ್ಕಿಂತ ಹಗುರಾಗಿತ್ತು, ಒಳಗೆ ಟೊಳ್ಳು. ಮಾತೆಯ ಹಣೆಯೂ ಬರಿದು ಎಂದು ಅವಳಿಗೆ ಆಗ ಹೊಳೆಯಿತು, ಈ ಮಾತೆಯನ್ನು ಯಾರೂ ಗಂಡನ ವಿಷಯ ಕೇಳುವುದಿಲ್ಲ. ಹನುಮವ್ವ ಸೆರಗಿನಿಂದ ಮೂರ್ತಿಯ ಮುಖದ ಧೂಳು ಒರೆಸಿದಳು, ಎಡದಿಂದ ಬಲಕ್ಕೆ, ಒಂದೇ ಎಳೆತ. ದ್ರಾಕ್ಷಾಯಿಣಿ ನೋಡುತ್ತಲೇ ನಿಂತಳು. ಸೆರಗು. ಅದು ಸೆರಗಾಗಿತ್ತು. ಧಾರವಾಡದ ಆ ಗೇಟಿನ ಮುಂದೆ ಅವಳ ಹಣೆಯ ಮೇಲೆ ಹರಿದದ್ದು ಸಿಸ್ಟರ್ ಕೈಯ ಬಟ್ಟೆಯೇ ಆಗಿದ್ದರೆ ಅದಕ್ಕೆ ಅಂಚು ಯಾಕಿತ್ತು, ಇಳಕಲ್ಲಿನ ಕೆಂಪು ದಡಿ ಮೂಗಿಗೆ ತಾಗಿ ಸೀನು ಬಂದದ್ದು ಯಾಕೆ? ಸಿಸ್ಟರ್ ಗೇಟಿನ ಒಳಗೆ ನಿಂತಿದ್ದರು. ಗೇಟಿನ ಹೊರಗೆ ಅವ್ವ ಬಗ್ಗಿ, ಸೆರಗಿನ ತುದಿಗೆ ಉಗುಳು ಹಚ್ಚಿ, "ಇರ್ಲಿ, ಅವರಿಗೆ ಸೇರೂದಿಲ್ಲ" ಎಂದು... ಇಲ್ಲ, ಹಾಗಿರಲಾರದು. ಸೋಪಿನ ವಾಸನೆ ಇತ್ತಲ್ಲ. ಅವ್ವನೂ ಸೋಪು ಹಾಕಿಯೇ ಸೀರೆ ಒಗೆಯುತ್ತಿದ್ದಳಲ್ಲ. ತಾನು ಮೂರ್ತಿ ಹಿಡಿದಿದ್ದೇನೆ ಎಂಬುದೇ ಅವಳಿಗೆ ಮರೆತಿತ್ತು. "ಟೀಚರ, ಹಿಡೀರಿ!" ಎಂದು ಸಿಸ್ಟರ್ ಕೂಗಿದಾಗ ಮೂರ್ತಿ ಒಂದು ಕಡೆ ವಾಲಿತ್ತು. ಹಿಡಿದಳು. ಬೆರಳು ಮುರಿಯಲಿಲ್ಲ.

ಹೋದ ವಾರ ಸಂಗಣ್ಣನಿಗೆ ಜ್ವರ ಬಂದಿತ್ತು. ಬರೀ ಜ್ವರ, ಊರಲ್ಲಿ ಎಲ್ಲರಿಗೂ ಬಂದದ್ದೇ, ಆದರೆ ಅವಳು ಅವನ ಮಂಚದ ಪಕ್ಕ ಕುಳಿತು ಹಣೆ ಮುಟ್ಟಿ ನೋಡಿದಾಗಲೆಲ್ಲ ಅಲ್ಲೆಲ್ಲೋ ಸಂಜೆಯ ಹೊತ್ತಿಗೆ ಒಬ್ಬ ಸಿಸ್ಟರ್ ಮಣಿ ಎಣಿಸುತ್ತ ಇವನ ಆತ್ಮಕ್ಕೆ ಶಾಂತಿ ಬೇಡುತ್ತಿದ್ದಾರೆ ಎಂಬುದು ನೆನಪಾಗಿ, ದೇವರಿಗೆ ಇಬ್ಬರ ಮಾತೂ ಕೇಳಿಸಿದರೆ ಅವನು ಯಾರ ಮಾತು ನಡೆಸುತ್ತಾನೆ ಎಂದು ಗಾಬರಿಯಾಗುತ್ತಿತ್ತು. ಅವರ ದೇವರು, ನಮ್ಮ ದೇವರು ಎಂದೆಲ್ಲ ಬೇರೆ ಬೇರೆ ಆಫೀಸು ಇದ್ದಾವೆಯೇ? ಸೋಮವಾರ ಒಪ್ಪತ್ತು ಮಾಡಿದಳು, ಮನೆಯಲ್ಲಿದ್ದಷ್ಟು ಹೊತ್ತು ರೂಪಾಯಿಯಗಲ ಕುಂಕುಮ ಇಟ್ಟುಕೊಂಡಳು. ಅವನು ಕಣ್ಣು ತೆರೆದು, "ಏನ ದ್ರಾಕ್ಷಿ, ಜಾತ್ರಿಗೆ ಹೊಂಟೀ ಏನು?" ಎಂದು ನಕ್ಕ. ಜ್ವರ ಬಿಟ್ಟಿತು. ಬಿಟ್ಟ ಮೇಲೂ ಅವಳ ಭಯ ಬಿಡಲಿಲ್ಲ. ಇವತ್ತು ಬೆಳಿಗ್ಗೆ, ಅಂಗಡಿಗೆ ಹೊರಡುವ ಮುಂಚೆ ಮೂರು ಬೆರಳು ವಿಭೂತಿ ಎಳೆದುಕೊಳ್ಳುತ್ತ, "ನಾಳಿ ನಾನೂ ಬರ್ತೇನಿ. ನೀ ಕಲಸೂ ಸಾಲಿ ನೋಡಬ್ಯಾಡೇನು ನಾನು?" ಎಂದ. ಅವಳು ಚಹದ ಬಟ್ಟಲು ತೊಳೆಯುತ್ತ, ತಿರುಗದೆ, "ಅವರ ಮಂದಿಗೆ ಮಾತ್ರ ಅಂತರಿ" ಎಂದಳು. "ಹೌದೇನು?" ಎಂದ. ಇಸ್ತ್ರಿ ಮಾಡಿಸಿಟ್ಟ ಬಿಳಿ ಅಂಗಿಯನ್ನು, ಬಹುಶಃ ನಾಳೆಗೆಂದೇ ಹೊರಗೆ ತೆಗೆದಿದ್ದನ್ನು, ಮತ್ತೆ ಕಪಾಟಿನೊಳಗೆ ಇಟ್ಟ. ಆ ಕಪಾಟಿನ ಬಾಗಿಲು ಮುಚ್ಚಿದ ಸದ್ದು ಅವಳಿಗೆ ಬಸ್ಸಿನ ತುಂಬ ಕೇಳಿಸುತ್ತಿತ್ತು.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಫಾದರ್ ಬಂದರು, ನಾಳೆ ಎಲ್ಲಿ ನಿಲ್ಲಬೇಕು, ಎಲ್ಲಿಂದ ಸುರು ಮಾಡಬೇಕು ಎಂದು ನೋಡಲು. ತೆಳ್ಳನೆಯ ಯುವಕ, ಕಾಲಿಗೆ ಕ್ರೀಡೆಯ ಬೂಟು. ಸಿಸ್ಟರ್ ಅವರ ಜೊತೆ ಕೊಂಕಣಿಯಲ್ಲಿ ಮಾತಾಡುತ್ತ ವರಾಂಡದ ಉದ್ದಕ್ಕೂ ನಡೆದು ಹೋಗಿ, ತಿರುಗಿ ಬಂದು, ದ್ರಾಕ್ಷಾಯಿಣಿಯ ಭುಜದ ಮೇಲೆ ಕೈ ಇಟ್ಟರು. "ಟೀಚರ, ನಾಳಿ ಪೂಜಿಯೊಳಗ ಒಂದು ಪ್ರಾರ್ಥನಾ ಇರ್ತೈತಿ, ತೀರಿಕೊಂಡವರಿಗೋಸ್ಕರ. ಹನುಮವ್ವನ ಗಂಡನ ಹೆಸರು ಹೇಳೇನಿ ಫಾದರಿಗೆ. ನಿಮ್ಮ ಯಜಮಾನ್ರದೂ ಹೇಳಬೇಕು ಅಂತ ನನ್ನ ಮನಸಿನಾಗ. ನಿಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳೂದಿಲ್ಲ, ಗೊತ್ತೈತಿ, ಅದಕ್ಕ ಇಷ್ಟು ದಿನಾ ಕೇಳಿಲ್ಲ. ಇದು ದೇವರ ಮುಂದ. ಹೇಳ್ರಿ."

ಹೆಸರು. ಮದುವೆಯ ದಿನ ಅತ್ತೆಯ ಮನೆಯ ಬಾಗಿಲಿಗೆ ಅಡ್ಡ ನಿಂತ ಹೆಂಗಸರು ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಕಾಡಿದಾಗ ಒಮ್ಮೆ ಹೇಳಿದ್ದಳು. ಹೊಸ ಸೀರಿಗೆ ಹಸಿರಂಚು, ಹೊಸ್ತಿಲಿಗೆ ರಂಗೋಲಿ, ಸಂಗಣ್ಣನವರ ಹೆಸರ ಹೇಳೇನಿ, ಬಿಡ್ರಿ ನನ್ನ ಬಾಗಿಲಿ. ಎಲ್ಲರೂ ನಕ್ಕರು, ಅವನು ಕಿವಿಯ ತುದಿಯವರೆಗೆ ಕೆಂಪಾದ. ಆಮೇಲೆ ಆ ಹೆಸರು ಅವಳ ಬಾಯಿಗೆ ಬಂದದ್ದಿಲ್ಲ. ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿದ್ದನ್ನು ಅವಳು ನಂಬಿರಲಿಲ್ಲ, ನಂಬದೆಯೂ ಪಾಲಿಸಿದ್ದಳು. ಈಗ ಅದೇ ಹೆಸರನ್ನು ಸತ್ತವರ ಸಾಲಿಗೆ ಅವಳೇ ಕೈಯಾರೆ ಕೊಡಬೇಕು. ಬೇರೆ ಯಾವುದಾದರೂ ಹೆಸರು ಹೇಳಿದರೆ? ಕಂಠೆಪ್ಪ, ತಿಪ್ಪಣ್ಣ, ಬಾಯಿಗೆ ಬಂದದ್ದು. ಆದರೆ ಆ ಹೆಸರಿನವನು ಯಾರೋ ಎಲ್ಲಿಯೋ ಉಸಿರಾಡುತ್ತಿರುತ್ತಾನಲ್ಲ, ಅವನ ಹೆಂಡತಿ ಎಲ್ಲಿಯೋ ಕುಂಕುಮ ಇಟ್ಟುಕೊಳ್ಳುತ್ತಿರುತ್ತಾಳಲ್ಲ. ಹನುಮವ್ವ ಹುಲ್ಲಿನ ರಾಶಿಯ ಪಕ್ಕ ಕುಳಿತು, "ಹೇಳ್ರಿ ಅಕ್ಕಾರ. ನಾ ಹೇಳಿದ್ನಿ. ಹೇಳಿದ ಮ್ಯಾಲ ಎದಿ ಹಗರ ಆತು" ಎಂದಳು. ದ್ರಾಕ್ಷಾಯಿಣಿ ಬಾಯಿ ತೆರೆದಳು. ಏನು ಹೇಳಲು ತೆರೆದಳೋ ಅವಳಿಗೇ ಗೊತ್ತಾಗಲಿಲ್ಲ.

ಯಾಕೆಂದರೆ ಆಗಲೇ ಗೇಟಿನಲ್ಲಿ ಸ್ಕೂಟರು ನಿಂತಿತು. ಕಾಲಿನ ಹತ್ತಿರ ದೊಡ್ಡ ಬಟ್ಟೆಯ ಗಂಟು ಇಟ್ಟುಕೊಂಡು, ಬೆವರಿಗೆ ಅರ್ಧ ಕರಗಿದ ವಿಭೂತಿಯ ಹಣೆಯಲ್ಲಿ, ಬೆಳಿಗ್ಗೆ ಕಪಾಟಿನೊಳಗೆ ಹೋದ ಅದೇ ಬಿಳಿ ಅಂಗಿ ತೊಟ್ಟುಕೊಂಡು ಸಂಗಣ್ಣ ಇಳಿದ. ವೇದಿಕೆಗೆ ಪರದೆಯಿಲ್ಲ ಎಂದು ಸಿಸ್ಟರ್ ಪೇಚಾಡಿದ್ದನ್ನು ಅವಳು ಎಂದೋ ಊಟ ಬಡಿಸುವಾಗ ಹೇಳಿದ್ದಳು. ಅವನು ಕೇಳಿಸಿಕೊಂಡಿದ್ದನೆಂದೇ ಅವಳಿಗೆ ಗೊತ್ತಿರಲಿಲ್ಲ. ನಾಳೆ ಕರೆದಿಲ್ಲದಿದ್ದರೇನು, ಇವತ್ತು ಕೊಟ್ಟು ಬರೋಣ ಎಂದುಕೊಂಡಿರಬೇಕು. ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಂಗಳ ದಾಟಿ ಬರುತ್ತಿದ್ದ, ಮುಖದಲ್ಲಿ ಚಿಕ್ಕ ಮಕ್ಕಳು ಏನನ್ನೋ ಬೆನ್ನ ಹಿಂದೆ ಬಚ್ಚಿಟ್ಟಾಗಿನ ನಗು. ಅವಳನ್ನು ನೋಡಿದ. ನಗು ಇನ್ನೂ ಇತ್ತು. ಆಮೇಲೆ ಅವಳ ಹಣೆ ನೋಡಿದ.

"ಯಾರ್ರಿ? ಬಟ್ಟಿ ಅಂಗಡಿಯವರೇನು?" ಸಿಸ್ಟರ್ ಮುಂದೆ ಬಂದರು. ಗಂಟು ಬಿಚ್ಚಿ ಪರದೆಯ ಹಸಿರು ಬಟ್ಟೆ ಕಂಡಾಗ ಅವರ ಮುಖ ಅರಳಿತು. "ಟೀಚರ ಹೇಳ್ಯಾರೇನು ನಿಮಗ? ನೋಡ್ರಿ ಫಾದರ್, ಇಂಥಾಕಿ ಈಕಿ. ಪಾಪ, ಗಂಡ ತೀರಿಕೊಂಡಾನ, ತನ್ನ ದುಃಖ ತನ್ನ ಹೊಟ್ಟಿಯಾಗ ಇಟ್ಕೊಂಡು ನಮ್ಮ ಸಾಲಿಗೆ ಪರದೆ ಹೊಂದಸ್ಯಾಳ."

ದ್ರಾಕ್ಷಾಯಿಣಿಗೆ ನೆಲ ಕಂಡಿತು, ಅವನ ಚಪ್ಪಲಿ ಕಂಡಿತು, ಎಡಗಾಲಿನ ಹೆಬ್ಬೆರಳು ಒಮ್ಮೆ ಮೇಲೆದ್ದು ಮತ್ತೆ ಕೂತದ್ದು ಕಂಡಿತು. ಮೇಲೆ ನೋಡುವ ಧೈರ್ಯ ಬರಲಿಲ್ಲ. ಬೈಯಲಿ. ಇಲ್ಲೇ ಎಲ್ಲರ ಮುಂದೆ ಕೆನ್ನೆಗೆ ಹೊಡೆಯಲಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈ ಎತ್ತದವನು ಈಗ ಎತ್ತಿದರೆ ಎಲ್ಲ ಸರಿಹೋದೀತು ಎಂದು ಅವಳಿಗೆ ಆಸೆಯೇ ಆಯಿತು.

"ಹೌದ್ರಿ," ಎಂದ ಸಂಗಣ್ಣ, ಗಿರಾಕಿಗಳ ಜೊತೆ ಮಾತಾಡುವ ಧ್ವನಿಯಲ್ಲಿ. "ಅಂಗಡಿಯಂವ ರೀ ನಾ. ಪರದೆ ಕೊಟ್ಟು ಹೋಗೂಣಂತ ಬಂದಿದ್ದೆ. ಬಾಯವರು ಭಾಳ ಸಲ ಹೇಳಿದ್ರು." ಹೆಂಡತಿಯನ್ನು ಬಾಯವರು ಎಂದ, ಯಾರೋ ಟೀಚರಮ್ಮನನ್ನು ಕರೆಯುವಂತೆ. ಬಟ್ಟೆಯನ್ನು ಬೆಂಚಿನ ಮೇಲೆ ಇಟ್ಟು, ಮಡಿಕೆ ಸರಿ ಮಾಡಿ, "ಒಮ್ಮೆ ನೀರಾಗ ಹಾಕಿ ಹೊಲಸ್ರಿ, ಕುಗ್ಗತೈತಿ" ಎಂದು ಹೇಳಿ, ಯಾರನ್ನೂ ನೋಡದೆ ಎಲ್ಲರಿಗೂ ಕೈ ಮುಗಿದು ತಿರುಗಿದ. ದರ ಎಷ್ಟು ಎಂದು ಸಿಸ್ಟರ್ ಕೇಳಿದ್ದಕ್ಕೆ ತಿರುಗಿ ನೋಡದೆಯೇ ಕೈಯಾಡಿಸಿದ. ಅವನ ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಅವಳು ಸಾಯಿಸಿದ್ದನ್ನು ಅವನು ಒಪ್ಪಿಕೊಂಡು ಹೋಗುತ್ತಿದ್ದ, ಇಸ್ತ್ರಿ ಅಂಗಿ ಕಪಾಟಿನೊಳಗೆ ಇಟ್ಟಷ್ಟು ಸುಲಭವಾಗಿ.

"ದೇವ್ ಬರೆಂ ಕರುಂ" ಎಂದು ಕೊಂಕಣಿಯಲ್ಲಿ ದೇವರು ಒಳ್ಳೆಯದು ಮಾಡಲೆಂದು ಅವನ ಬೆನ್ನಿಗೆ ಹರಸಿ ಸಿಸ್ಟರ್ ಇವಳ ಕಡೆ ತಿರುಗಿದರು. "ಹಾಂ, ಹೇಳ್ರಿ ಟೀಚರ. ಏನು ಹೆಸರು?"

ಅವಳು ವರಾಂಡದ ಮೆಟ್ಟಿಲು ಇಳಿದಿದ್ದಳು. ಯಾವಾಗ ಇಳಿದಳೋ. ಅವನು ಗೇಟಿನ ಹತ್ತಿರ ಇದ್ದ. ರೀ ಎಂದು ಕರೆಯಲು ಹೋದಳು, ಆದರೆ ಅಂಗಡಿಯವನನ್ನೂ ರೀ ಎಂದೇ ಕರೆಯುತ್ತಾರೆ. "ಸಂಗಣ್ಣಾ!" ಎಂದು ಕೂಗಿದಳು. ಪೇಂಟರುಗಳು ತಿರುಗಿದರು. ಹನುಮವ್ವ ಎದ್ದು ನಿಂತಳು. ಅವನು ಮಾತ್ರ ತಿರುಗಲಿಲ್ಲ. ಝುವಾರಿನಗರದಲ್ಲಿ ಹತ್ತು ಸಂಗಣ್ಣರಿದ್ದಾರು, ಯಾರೋ ಹೆಂಗಸು ಯಾರನ್ನೋ ಕರೆಯುತ್ತಾಳೆ, ತನಗೇನು ಎಂದುಕೊಂಡು ಅವನು ಸ್ಕೂಟರಿನ ಕೀಲಿ ಹುಡುಕುತ್ತಿದ್ದ. ಅವಳ ಬಾಯಲ್ಲಿ ಅವನ ಹೆಸರು ಹೇಗೆ ಕೇಳಿಸುತ್ತದೆ ಎಂಬುದು ಅವನಿಗೆ ಮರೆತೇ ಹೋಗಿತ್ತು. ಓಡಿಹೋಗಿ ಅಂಗಿಯ ತೋಳು ಹಿಡಿದು, ಅಲ್ಲೇ ಅವನ ಕಿವಿಯ ಹತ್ತಿರವೇ ಮತ್ತೆ ಕೂಗಿದಳು.

ಅವನು ಬೆಚ್ಚಿದ. "ಏನಿದು, ಹೆಸರ ಹಿಡದು ಕರೀತಿ! ಮಂದಿ ಅದಾರ." ಉಳಿದದ್ದೆಲ್ಲ ಬಿಟ್ಟು ಅವನಿಗೆ ಅದೇ ದೊಡ್ಡದಾಗಿ ಕಂಡಿತ್ತು. ಆಮೇಲೆ ದನಿ ತಗ್ಗಿಸಿ, "ಒಳಗ ಹೋಗು. ನಾ ಅಂಗಡಿಯಂವ ಅಂದೇನಿ. ನಿನ್ನ ನೌಕರಿ ಹೋದೀತು" ಎಂದ.

"ನಿಮ್ಮ ಹೆಸರು ಕೇಳಾಕತ್ತಾರ್ರಿ. ಸತ್ತವರ ಪೂಜಿಗೆ."

ಅವನು ಸಿಕ್ಕ ಕೀಲಿಯನ್ನು ಮುಷ್ಟಿಯೊಳಗೆ ಹಿಡಿದ. "ಕೊಡು," ಎಂದ ಕೊನೆಗೆ, ನಗಲು ನೋಡಿ ನಗು ಬಾರದೆ. "ಬದುಕಿದಾಂವನ್ನ ಸತ್ತಾನ ಅಂದ್ರ ಆಯುಷ್ಯ ಹೆಚ್ಚಾಗತೈತಿ ಅಂತಾರ." ಅವಳು ತೋಳು ಬಿಡಲಿಲ್ಲ. ಎಳೆದುಕೊಂಡೇ ಬಂದಳು, ಅಂಗಳದ ನಡುವಿನಿಂದ, ಎಲ್ಲರೂ ನೋಡುತ್ತಿರುವಂತೆ. ನಡೆಯುತ್ತ ನಡೆಯುತ್ತ ಇನ್ನೊಂದು ಕೈಯಿಂದ ರವಿಕೆಯೊಳಗಿನ ತಾಳಿಯನ್ನು ಹೊರಗೆ ಎಳೆದಳು. ಅದು ಬೆವರಿಗೆ ಒದ್ದೆಯಾಗಿ ಬೆಚ್ಚಗಿತ್ತು.

"ಸಂಗಣ್ಣ," ಎಂದಳು ಸಿಸ್ಟರ್ ಮುಂದೆ ನಿಂತು. "ಹೆಸರು ಕೇಳಿದ್ರಲ್ರಿ. ಇವರ." ಸಿಸ್ಟರ್ ಅವನನ್ನು ನೋಡಿದರು, ತಾಳಿಯನ್ನು ನೋಡಿದರು. "ಹಣಿ ಅಳಸು ಅಂತ ಯಾರೂ ಅಂದಿಲ್ಲ. ನಾನ ಅಳಸಿಕೊಂಡು ಬಂದಿದ್ದೆ. ನಿಮಗ ಸೇರೂದಿಲ್ಲಂತ." ಇನ್ನೂ ಹೇಳಬೇಕಾದದ್ದು ಬಹಳವಿತ್ತು, ಧಾರವಾಡದ ಗೇಟು, ಅವ್ವನ ಸೆರಗು, ಅವರ ಬೆಚ್ಚನೆಯ ಕೈ. ಯಾವುದೂ ಬರಲಿಲ್ಲ.

ಸಿಸ್ಟರ್ ಕೈ ತಾನಾಗಿ ಸೊಂಟದ ಜಪಸರಕ್ಕೆ ಹೋಗಿತ್ತು. "ಹಂಗಾದ್ರ," ಎಂದರು, "ದಿನಾ ಸಂಜಿ ನಾ ಪ್ರಾರ್ಥನಾ ಮಾಡಿದ್ದು..."

"ಅದಕ್ಕ ನನ್ನ ಜ್ವರಾ ಬಿಟ್ಟತ್ರಿ ಸಿಸ್ಟರ್," ಎಂದ ಸಂಗಣ್ಣ ಕೈ ಮುಗಿದು. ಚೇಷ್ಟೆಯೋ ನಂಬಿಕೆಯೋ, ಹೇಳಿದ ಧ್ವನಿಯಿಂದ ತಿಳಿಯುವಂತಿರಲಿಲ್ಲ. "ಡಾಕ್ಟರ ಗುಳಿಗಿಗೆ ಬಗ್ಗಿದ್ದಿಲ್ಲ."

ಕನ್ನಡ ಅರ್ಧ ತಿಳಿದಿದ್ದ ಫಾದರ್ ಮೊದಲು ನಕ್ಕರು. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಕೈಯ ಹಿಂದೆ ನಗುವಿತ್ತೋ ಬೇರೇನಿತ್ತೋ ದ್ರಾಕ್ಷಾಯಿಣಿಗೆ ಕಾಣಲಿಲ್ಲ. "ನಾಳಿ ಬೆಳಿಗ್ಗಿ ಬರ್ರಿ, ಇಬ್ಬರೂ," ಎಂದರು, ಆಮೇಲೆ, "ಉಳದದ್ದು ಸೋಮವಾರ ಮಾತಾಡೂಣು" ಎಂದರು, ಅವಳ ಭುಜ ಮುಟ್ಟದೆ ಒಳಗೆ ಹೋದರು. ಸೋಮವಾರ ಏನು ಮಾತಾಡುತ್ತಾರೆ? ಯೋಚಿಸಲು ಅವಳಿಂದ ಆಗಲಿಲ್ಲ, ಯಾಕೆಂದರೆ ಅವಳು ಹನುಮವ್ವನನ್ನು ನೋಡುತ್ತಿದ್ದಳು. ಹನುಮವ್ವ ನಕ್ಕಿರಲಿಲ್ಲ. ಸಂಗಣ್ಣನನ್ನು ತಲೆಯಿಂದ ಕಾಲಿನವರೆಗೆ, ನಿಜವಾಗಿಯೂ ಇದ್ದಾನೆಯೇ ಎನ್ನುವಂತೆ ನೋಡಿದಳು, ಅವನ ಬೆವರಿದ ಅಂಗಿ, ಅವನ ಹಣೆಯ ವಿಭೂತಿ, ಅವನ ಕೈಯಲ್ಲಿದ್ದ ಸ್ಕೂಟರಿನ ಕೀಲಿ. "ಚಲೋ ಆತು ಬಿಡ್ರಿ ಅಕ್ಕಾರ," ಎಂದಳು. "ಅದಾರಲ್ಲ." ಎಂದು ಬಗ್ಗಿ, ಚೆಲ್ಲಿದ ಹುಲ್ಲನ್ನು ಒಟ್ಟುಗೂಡಿಸಿ ಖಾಲಿ ಪೆಟ್ಟಿಗೆಗೆ ತುಂಬತೊಡಗಿದಳು. ಅವಳ ಬುತ್ತಿಯ ಗಂಟು ಕಂಬದ ಬುಡದಲ್ಲಿತ್ತು, ಇನ್ನೂ ಬಿಚ್ಚಿರಲಿಲ್ಲ. ಮೇಲೆ ವಿಮಾನವೊಂದು ಇಳಿಯುತ್ತ ಸದ್ದು ಮಾಡಿಕೊಂಡು ಹೋಯಿತು. ಬಿಸಿಲಿಗೆ ಬೆವರು ಇಳಿದು ಕಣ್ಣಿಗೆ ಬಂದು, ದ್ರಾಕ್ಷಾಯಿಣಿಯ ಕೈ ರೂಢಿಯಂತೆ ಕರವಸ್ತ್ರ ಹಿಡಿದು ಹಣೆಗೆ ಹೋಯಿತು. ಅಲ್ಲಿ ಅಳಿಸಲು ಏನೂ ಇರಲಿಲ್ಲ.